ಎಪ್ಪತ್ತು ದಾಟಿದ ಕೂಡಲೇ ಟ್ರೇಲರ್ ಬಾಲ ಬೀಸುವುದೇಕೆ?

ಪ್ರಶ್ನೆ: ನಮ್ಮದು ಮುಳಬಾಗಿಲು ಹತ್ತಿರದ ಹಳ್ಳಿ. ಉಪ್ಪಿನಂಗಡಿ ಕಡೆ ಭಾವನವರ ಅಡಿಕೆ ತೋಟವನ್ನು ಇನ್ನು ಮುಂದೆ ನಾನೇ ನೋಡಿಕೊಳ್ಳಬೇಕಾಗಿದೆ. ಪವರ್ ಟಿಲ್ಲರ್, ಡೀಸೆಲ್ ಪಂಪ್‌ಸೆಟ್, ಎಚ್‌ಡಿಪಿಇ ಪೈಪಿನ ಸುರುಳಿ, ಸಲಕರಣೆ ಎಲ್ಲ ಸೇರಿ ಒಂದು ಟನ್ನಿಗೆ ಸ್ವಲ್ಪ ಮೇಲಾಗುತ್ತದೆ. ಫಾರ್ಚುನರ್ 2.8 ಡೀಸೆಲ್ ಆಟೊಮ್ಯಾಟಿಕ್ ಇದೆ. ಎರಡು ಗಾಲಿಯ ಟ್ರೇಲರ್ ಮಾಡಿಸಿದ್ದೇನೆ, ಅದಕ್ಕೆ ಬ್ರೇಕ್ ಇಲ್ಲ. ಪರೀಕ್ಷೆಗೆಂದು ಕೋಲಾರದವರೆಗೆ ಎಳೆದುಕೊಂಡು ಹೋದರೆ 70 ದಾಟಿದ ಕೂಡಲೇ ಟ್ರೇಲರ್ ಅತ್ತಿತ್ತ ಬೀಸತೊಡಗಿತು. 500 ಎನ್‌ಎಂ ಟಾರ್ಕ್ ಇರುವ ಗಾಡಿಗೆ ಇದು ಭಾರವೇ? ಇದನ್ನು ಕಟ್ಟಿಕೊಂಡು ಶಿರಾಡಿ ಘಾಟಿ ಇಳಿಯಬಹುದೇ?

ಉತ್ತರ: ಎಂಜಿನ್ನಿಗೆ ಇದು ಭಾರವೇ ಅಲ್ಲ. ಆದರೂ ಟ್ರೇಲರ್ ಈಗಿರುವ ಸ್ಥಿತಿಯಲ್ಲಿ ಘಾಟಿ ಇರಲಿ, ಹೆದ್ದಾರಿಗೂ ಇಳಿಸಬೇಡಿ. ಬೀಸಾಟಕ್ಕೆ ಕಾರಣ ಸಾಮಾನು ಹೇರಿದ ಕ್ರಮ. ಅದನ್ನು ಖರ್ಚಿಲ್ಲದೆ ಒಂದು ಗಂಟೆಯಲ್ಲಿ ಸರಿಮಾಡಬಹುದು. ಬ್ರೇಕ್ ಇಲ್ಲದಿರುವುದು ಬೇರೆಯೇ ಸಮಸ್ಯೆ, ಅದಕ್ಕೆ ಹಣ ಬಿಚ್ಚಲೇಬೇಕು.

ಮೊದಲು ಬೀಸಾಟ. ಎತ್ತಿನ ಗಾಡಿ ಹೇರಿದವರಿಗೆ ಮೂಕಿ ಭಾರ, ಅಂದರೆ ಗಾಡಿಯ ಮುಂತುದಿ ಕೆಳಕ್ಕೆ ಒತ್ತುವ ತೂಕ, ಏನೆಂದು ಬಿಡಿಸಿ ಹೇಳಬೇಕಿಲ್ಲ. ಗಾಡಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ತೀರಾ ಮುಂಭಾರವಾದರೆ ಹೆಗಲು ಕುಸಿಯುತ್ತದೆ. ಕಾರಿನ ಹಿಂದಿನ ಟ್ರೇಲರಿಗೂ ಅದೇ ಲೆಕ್ಕ, ಎತ್ತಿನ ಹೆಗಲಿನ ಜಾಗದಲ್ಲಿ ಹಿಚ್ ಬಾಲ್, ಅಂದರೆ ಟ್ರೇಲರ್ ಕೂರುವ ಕಾರಿನ ಹಿಂದಿನ ಕಬ್ಬಿಣದ ಗುಂಡು, ಇದೆ ಅಷ್ಟೆ. ಹೇರಿದ ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಆ ಬಾಲ್ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೇಲರಿನ ಹಿಂಬದಿಯ ತೂಕ ಲೋಲಕದ ಹಾಗೆ ಆಡುತ್ತದೆ. ಬಸ್ಸೊಂದು ಪಕ್ಕದಲ್ಲಿ ಹಾದುಹೋದಾಗಿನ ಗಾಳಿಯೋ, ರಸ್ತೆಯ ಒಂದು ಉಬ್ಬೋ ಅದನ್ನು ಸ್ವಲ್ಪ ತಳ್ಳಿದರೆ ಸಾಕು. ನಿಧಾನವಾಗಿ ಹೋಗುವಾಗ ಆ ಆಟ ತಾನಾಗಿ ಅಡಗುತ್ತದೆ. ಒಂದು ವೇಗ ಮೀರಿದ ಮೇಲೆ ಪ್ರತಿ ಬೀಸೂ ಹಿಂದಿನದಕ್ಕಿಂತ ದೊಡ್ಡದಾಗುತ್ತಾ ಹೋಗುತ್ತದೆ. ನಿಮ್ಮ ಟ್ರೇಲರಿಗೆ ಆ ಗೆರೆ 70ರ ಆಸುಪಾಸಿನಲ್ಲಿದೆ.

ನೀವು ಕಳಿಸಿದ ಅಳತೆಯಲ್ಲೇ ಲೆಕ್ಕ ಹಾಕೋಣ. ಖಾಲಿ ಟ್ರೇಲರ್ 420 ಕೆಜಿ, ಆಗ ಮೂಕಿ ಭಾರ 40. ಬಾಲ್‌ನಿಂದ ಆಕ್ಸಲಿಗೆ 3 ಮೀಟರ್. ಟಿಲ್ಲರ್ 450 ಕೆಜಿ. ಹಿಂದಿನಿಂದ ಹಲಗೆ ಇಟ್ಟು ಹತ್ತಿಸಿದವರು ಅದನ್ನು ಅಲ್ಲೇ ನಿಲ್ಲಿಸಿದ್ದೀರಿ, ಆಕ್ಸಲಿನಿಂದ 0.6 ಮೀಟರ್ ಹಿಂದಕ್ಕೆ. ಪಂಪ್‌ಸೆಟ್ 180 ಕೆಜಿ, ಅದೂ 0.2 ಮೀಟರ್ ಹಿಂದೆ. ಪೈಪು 250 ಕೆಜಿ 0.5 ಮೀಟರ್ ಮುಂದೆ, ಉಳಿದ ಸಾಮಾನು 200 ಕೆಜಿ 0.6 ಮೀಟರ್ ಮುಂದೆ. ಆಕ್ಸಲಿನ ಮುಂದಿರುವ ಪ್ರತಿ ವಸ್ತುವಿನ ತೂಕವನ್ನು ಅದರ ದೂರದಿಂದ ಗುಣಿಸಿ ಕೂಡಿ, ಹಿಂದಿರುವುದನ್ನು ಕಳೆಯಿರಿ, ಬಂದದ್ದನ್ನು 3ರಿಂದ ಭಾಗಿಸಿ. ಮುಂದಿನದು 125 ಮತ್ತು 120, ಹಿಂದಿನದು 270 ಮತ್ತು 36. ಕಳೆದರೆ 61 ಹಿಂದಕ್ಕೇ ವಾಲುತ್ತದೆ. ಮೂರರಿಂದ ಭಾಗಿಸಿದರೆ ಸುಮಾರು 20. ಖಾಲಿ ಟ್ರೇಲರಿನ 40ರಲ್ಲಿ ಅದನ್ನು ಕಳೆದರೆ ಬಾಲ್ ಮೇಲೆ ಉಳಿಯುವುದು ಬರೀ 20 ಕೆಜಿ. 1,500 ಕೆಜಿಯ ಟ್ರೇಲರಿಗೆ 20 ಕೆಜಿ! ಬೀಸದೆ ಇನ್ನೇನು ಮಾಡೀತು?

ಟಿಲ್ಲರನ್ನು ಒಂದೇ ಒಂದು ಮೀಟರ್ ಮುಂದಕ್ಕೆ ತಂದು ನಿಲ್ಲಿಸಿ, ಪೈಪಿನ ಸುರುಳಿಯನ್ನು ಅದರ ಅಕ್ಕಪಕ್ಕಕ್ಕೆ ಹೊಂದಿಸಿ. 450 ಕೆಜಿ ಒಂದು ಮೀಟರ್ ಸರಿದರೆ ಮೂಕಿ ಭಾರ 150 ಏರಿ 170ಕ್ಕೆ ಬರುತ್ತದೆ. ಅಂದರೆ ನೂರಕ್ಕೆ ಹನ್ನೊಂದರಷ್ಟು. ಬೇರೆ ಯಾವುದನ್ನೂ ಮುಟ್ಟಬೇಕಾಗಿಲ್ಲ.

ಕಾಗದದ ಲೆಕ್ಕವನ್ನು ನಂಬಿ ಹೊರಡಬೇಡಿ, ತೂಗಿಯೇ ನೋಡಿ. ಲಾರಿ ತೂಗುವ ವೇಬ್ರಿಡ್ಜ್ ಒಟ್ಟು ತೂಕಕ್ಕೆ ಸರಿ, ಮೂಕಿ ಭಾರಕ್ಕೆ ಒರಟು. ಅದು ಐದೋ ಹತ್ತೋ ಕೆಜಿ ಲೆಕ್ಕದಲ್ಲಿ ಏರಿಳಿಯುತ್ತದೆ. ಟೊಮೇಟೊ ಮಂಡಿಯಲ್ಲಿ ಬಾಕ್ಸ್ ತೂಗುವ ಪ್ಲಾಟ್‌ಫಾರ್ಮ್ ಕಾಟಾ 300 ಕೆಜಿಯದ್ದಾದರೆ ಅದಕ್ಕಿಂತ ಒಳ್ಳೆಯದು ಬೇಡ. ನೆಲ ಮಟ್ಟವಾಗಿರಲಿ. ಕಾಟಾ ಮೇಲೆ ಮರದ ದಿಮ್ಮಿ ನಿಲ್ಲಿಸಿ, ಹೇರಿದ ಟ್ರೇಲರಿನ ಮೂತಿಯನ್ನು ಕಾರಿಗೆ ಕಟ್ಟಿದಾಗ ಇರುವಷ್ಟೇ ಎತ್ತರದಲ್ಲಿ ದಿಮ್ಮಿಗೆ ಕೂರಿಸಿ. ಗಾಲಿಗಳಿಗೆ ಕಲ್ಲು ಕೊಡುವುದನ್ನು ಮರೆಯಬೇಡಿ. ತೋರಿದ ತೂಕದಲ್ಲಿ ದಿಮ್ಮಿಯದ್ದನ್ನು ಕಳೆದರೆ ಮೂಕಿ ಭಾರ ಸಿಕ್ಕಿತು. ಮೂತಿ ಎರಡು ಇಂಚು ಮೇಲೆ ಕೆಳಗಾದರೂ ಅಂಕಿ ಬದಲಾಗುತ್ತದೆ, ಅದಕ್ಕೇ ಎತ್ತರದ ಮಾತು ಹೇಳಿದ್ದು.

ಮೂಕಿ ಭಾರ ಹೆಚ್ಚಿಸಿದರೆ ಅದರ ಬೆಲೆಯನ್ನು ಕಾರು ತೆರುತ್ತದೆ. ನಿಮ್ಮ ಗಾಡಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲಿನ ನಡುವಿನ ದೂರ) 2,745 ಮಿಮೀ, ಹಿಚ್ ಬಾಲ್ ಹಿಂದಿನ ಆಕ್ಸಲಿನಿಂದ ಸುಮಾರು 1.1 ಮೀಟರ್ ಆಚೆಗಿದೆ. ಸನ್ನೆಗೋಲಿನ ಲೆಕ್ಕದಲ್ಲಿ ಬಾಲ್ ಮೇಲಿನ 170 ಕೆಜಿ ಹಿಂದಿನ ಆಕ್ಸಲಿಗೆ ಸುಮಾರು 240 ಆಗಿ ಬೀಳುತ್ತದೆ, ಮುಂದಿನ ಆಕ್ಸಲಿನಿಂದ 70 ಎತ್ತುತ್ತದೆ. ಮುಂದಿನ ಗಾಲಿ ಹಗುರಾದರೆ ಸ್ಟಿಯರಿಂಗ್ ತೇಲಿದ ಹಾಗನಿಸುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಡಿಕ್ಕಿ ಖಾಲಿ ಇರಲಿ, ಮೂರನೆಯ ಸಾಲಿನಲ್ಲಿ ಯಾರೂ ಕೂರುವುದು ಬೇಡ. ಮನೆಮಂದಿಯೆಲ್ಲ ಹೊರಟಿದ್ದರೆ ಅರ್ಧ ಜನ ಬಸ್ಸಿನಲ್ಲಿ ಬರಲಿ. ಟ್ರೇಲರ್ ಕಟ್ಟುವ ಮೊದಲೂ ಕಟ್ಟಿದ ಮೇಲೂ ನಾಲ್ಕು ಗಾಲಿಗಳ ಮೇಲಿನ ಫೆಂಡರ್ ಎತ್ತರವನ್ನು ಟೇಪಿನಲ್ಲಿ ಅಳೆದು ಬರೆದಿಡಿ. ಹಿಂದೆ ತೀರಾ ಕುಸಿದಿದ್ದರೆ ಸ್ಪ್ರಿಂಗ್ ಬಲಪಡಿಸುವ ಮಾತು ಆಮೇಲೆ, ಮೊದಲು ಕಾರಿನೊಳಗಿನ ಭಾರ ಇಳಿಸಿ.

ಈಗ ಬ್ರೇಕ್. ಆಸ್ಟ್ರೇಲಿಯಾದಲ್ಲಿ ಇದೇ ಮಾದರಿಯ ಗಾಡಿಗೆ ಬ್ರೇಕ್ ಇರುವ ಟ್ರೇಲರ್ ಆದರೆ 3,100 ಕೆಜಿ ಎಳೆಯಬಹುದು ಎಂದಿದೆ, ಬ್ರೇಕ್ ಇಲ್ಲದ ಟ್ರೇಲರ್ ಆದರೆ 750 ಮಾತ್ರ. ಎಂಜಿನ್ ಅದೇ, ಚಾಸಿಸ್ ಅದೇ. ನಾಲ್ಕು ಪಟ್ಟು ವ್ಯತ್ಯಾಸ ಬಂದದ್ದು ಟ್ರೇಲರಿನ ಗಾಲಿಯಲ್ಲಿ ಬ್ರೇಕ್ ಇದೆಯೋ ಇಲ್ಲವೋ ಎಂಬುದರಿಂದ. ಯುರೋಪಿನಲ್ಲೂ ಬ್ರೇಕಿಲ್ಲದ ಟ್ರೇಲರಿಗೆ ಮಿತಿ 750 ಕೆಜಿಯೇ. ನಿಮ್ಮದು ಅದರ ಎರಡರಷ್ಟು. ಆ 3,100 ಹೊರದೇಶದ ಗಾಡಿಯ ಅಂಕಿ, ಅಲ್ಲಿನ ಹಿಚ್ಚಿನೊಂದಿಗೆ ಕೊಟ್ಟದ್ದು. ನಿಮಗೆ ಅನ್ವಯಿಸುವುದು ನಿಮ್ಮ ಗಾಡಿಯ ಜತೆ ಬಂದ ಪುಸ್ತಕದಲ್ಲಿರುವ ಮಾತು. ಅಲ್ಲಿ ಟ್ರೇಲರ್ ಎಳೆಯಬಾರದು ಎಂದಿದ್ದರೆ ಈ ಉತ್ತರ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಒಂದು ಪಿಕಪ್ ಬಾಡಿಗೆಗೆ ಹಿಡಿಯಿರಿ. ಹಾಗೆ ನೋಡಿದರೆ, ಒಂದೇ ಸಲದ ಸಾಗಣೆಯಾದರೆ ಪಿಕಪ್ಪೇ ಎಲ್ಲ ರೀತಿಯಲ್ಲೂ ಜಾಣತನ. ವರ್ಷಕ್ಕೆ ನಾಲ್ಕಾರು ಸಲ ಹೋಗಿಬರುವುದಿದ್ದರೆ ಮಾತ್ರ ಟ್ರೇಲರಿಗೆ ಹಣ ಹಾಕುವುದರಲ್ಲಿ ಅರ್ಥವಿದೆ.

ಹಾಕುವುದಾದರೆ ಎರಡು ದಾರಿ. ಒಂದು ಓವರ್‌ರನ್ ಬ್ರೇಕ್: ಕಾರು ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ತಳ್ಳುತ್ತದೆ, ಆ ತಳ್ಳು ಮೂತಿಯಲ್ಲಿರುವ ಶಾಫ್ಟನ್ನು ಒಳಕ್ಕೆ ಒತ್ತಿ, ಕೇಬಲ್ ಎಳೆದು ಎರಡೂ ಡ್ರಮ್ಮಿನ ಬ್ರೇಕ್ ಹಿಡಿಸುತ್ತದೆ. ಕಾರಿನಲ್ಲಿ ಬೇರೇನೂ ಜೋಡಿಸಬೇಕಿಲ್ಲ. ಇನ್ನೊಂದು ವಿದ್ಯುತ್ ಬ್ರೇಕ್, ಅದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಕಂಟ್ರೋಲರ್ ಬೇಕು. ಅದರ ಲಾಭವೆಂದರೆ ಬೀಸಾಟ ಶುರುವಾದಾಗ ಕಾರಿನ ಬ್ರೇಕ್ ಮುಟ್ಟದೆ ಟ್ರೇಲರಿನದನ್ನು ಮಾತ್ರ ಕೈಯಿಂದ ಹಿಡಿಯಬಹುದು. ಘಾಟಿಗೆ ಇದೇ ಮೇಲು. ಓವರ್‌ರನ್ನಿನಲ್ಲಿ ಒಂದು ತೊಡಕಿದೆ. ಇಳಿಜಾರಿನಲ್ಲಿ ಎಂಜಿನ್ ಬ್ರೇಕಿನಿಂದ ಕಾರು ತಡೆದಾಗಲೂ ಟ್ರೇಲರ್ ತಳ್ಳುತ್ತಲೇ ಇರುತ್ತದೆ, ಹಾಗಾಗಿ ಅದರ ಡ್ರಮ್ಮು ನಿಮಗೆ ಗೊತ್ತಿಲ್ಲದೆ ಮೈಲಿಗಟ್ಟಲೆ ಉಜ್ಜಿಕೊಂಡು ಕಾಯುತ್ತದೆ. ಎಡ–ಬಲ ಕೇಬಲಿನ ಸಡಿಲ ಸಮನಾಗಿಲ್ಲದಿದ್ದರೆ ಟ್ರೇಲರ್ ಒಂದು ಕಡೆಗೆ ಎಳೆಯುತ್ತದೆ. ಯಾವ ಬಗೆಯದ್ದೇ ಆಗಲಿ, ಕೊಂಡಿ ಕಳಚಿದರೆ ಬ್ರೇಕ್ ತಾನೇ ಹಿಡಿಯುವ ಬ್ರೇಕ್‌ಅವೇ ಕೇಬಲ್ ಇರಲೇಬೇಕು. ಅದರ ತುದಿಯನ್ನು ಬಾಲ್‌ಗೆ ಸುತ್ತಬೇಡಿ, ಕಾರಿನ ಚಾಸಿಸ್ಸಿಗೆ ಸೇರಿದ ಗಟ್ಟಿ ಜಾಗಕ್ಕೆ ಹಾಕಿ. ಬಾಲ್ ಕಿತ್ತು ಬಂದರೆ ಅದಕ್ಕೆ ಸುತ್ತಿದ ಕೇಬಲಿನಿಂದ ಏನು ಪ್ರಯೋಜನ?

ಹಿಚ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಚಾಸಿಸ್ ಪಟ್ಟಿಗಳಿಗೆ ಬೋಲ್ಟಿನಿಂದ ಕೂತಿರಬೇಕು, ಬಂಪರಿಗಲ್ಲ, ವೆಲ್ಡಿಂಗೂ ಅಲ್ಲ. ಬಾಲ್ ಮತ್ತು ಅದರ ಮೇಲೆ ಕೂರುವ ಕಪ್ಲರ್ ಎರಡೂ ಒಂದೇ ಅಳತೆಯವಾಗಿರಲಿ. 50 ಮಿಮೀ ಬಾಲ್ ಎರಡು ಇಂಚಿನ ಕಪ್ಲರಿನಲ್ಲಿ ಕೂತ ಹಾಗೇ ಕಾಣುತ್ತದೆ, ಆದರೆ 0.8 ಮಿಮೀ ಸಡಿಲ ಇರುತ್ತದೆ, ಸವೆದಂತೆ ಹೆಚ್ಚುತ್ತದೆ. ಕೂತಿದೆಯೋ ಇಲ್ಲವೋ ನೋಡಲು ಒಂದು ಉಪಾಯ: ಚಿಲಕ ಹಾಕಿದ ಮೇಲೆ ಟ್ರೇಲರಿನ ಮೂತಿಯಲ್ಲಿರುವ ಪುಟ್ಟ ಗಾಲಿಯ ಜಾಕಿಯನ್ನು ತಿರುಗಿಸಿ ಮೇಲೆತ್ತಿ. ಕಾರಿನ ಹಿಂಭಾಗವೂ ಜತೆಗೇ ಏಳಬೇಕು. ಮೂತಿ ಒಂದೇ ಎದ್ದರೆ ಚಿಲಕ ಬಿದ್ದಿಲ್ಲ. ಆಮೇಲೆ ಚಿಲಕಕ್ಕೆ ಪಿನ್ನು, ಮೂತಿಯ ಅಡಿಯಲ್ಲಿ ಒಂದನ್ನೊಂದು ದಾಟುವಂತೆ ಎರಡು ಸರಪಳಿ. ದಾಟಿಸಿ ಹಾಕಿದರೆ ಕೊಂಡಿ ಕಳಚಿದಾಗ ಮೂತಿ ರಸ್ತೆಗೆ ನಾಟದೆ ಸರಪಳಿಯ ತೊಟ್ಟಿಲಲ್ಲಿ ಬೀಳುತ್ತದೆ. ಅಂದ ಹಾಗೆ ಟ್ರ್ಯಾಕ್ಟರಿನ ಟ್ರಾಲಿಯನ್ನು ಪಿನ್ನು ಬಳೆ ಹಾಕಿ ಜೀಪಿಗೆ ಕಟ್ಟಿಕೊಂಡು ಹೋಗುವವರಿದ್ದಾರೆ. ಅದು ಮೂವತ್ತರ ವೇಗಕ್ಕೆ ಮಾಡಿದ ವಸ್ತು.

ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಲೋಡ್ ಇಂಡೆಕ್ಸ್, ಅಂದರೆ ಟೈರ್ ಎಷ್ಟು ತೂಕ ಹೊರುತ್ತದೆ ಎಂಬುದರ ಸಂಕೇತ ಸಂಖ್ಯೆ, ಓದಿ. 1,500ರಲ್ಲಿ ಮೂಕಿಯ 170 ಕಳೆದರೆ ಎರಡು ಟೈರಿನ ಮೇಲೆ 1,330, ಒಂದಕ್ಕೆ 665 ಕೆಜಿ. ನೀವು ಹಾಕಿಸಿರುವ ಹಳೆಯ ಕಾರಿನ ಟೈರಿನಲ್ಲಿ 94 ಎಂದಿದೆ ಅಂದಿರಿ, ಅದು ಹೊರುವುದು 670. ಐದು ಕೆಜಿ ಉಳಿತಾಯದಲ್ಲಿ 400 ಕಿಲೋಮೀಟರ್ ಹೋಗುವುದೇ? ಗುಂಡಿಗೆ ಬಿದ್ದ ಕ್ಷಣದಲ್ಲಿ ಬೀಳುವ ಭಾರವೇ ಬೇರೆ. ವ್ಯಾನು, ಪಿಕಪ್ಪಿಗೆ ಬರುವ 104ರ ಟೈರ್ ಹಾಕಿಸಿ, ಅದು 900 ಕೆಜಿ ಹೊರುತ್ತದೆ. ರೀಟ್ರೆಡ್ ಬೇಡ. ನಾಲ್ಕಂಕಿಯ ತಾರೀಖು ನೋಡಿ, 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿಯೂ ಅದೇ ಅಳತೆಯದ್ದು ಒಂದಿರಲಿ. ಗಾಳಿಯನ್ನು ಬೆಳಗ್ಗೆ ಟೈರ್ ತಣ್ಣಗಿರುವಾಗ ತುಂಬಿಸಿ, ದಾರಿಯಲ್ಲಿ ಬಿಸಿಯಾದ ಮೇಲೆ ಹೆಚ್ಚು ತೋರಿತೆಂದು ಇಳಿಸಬೇಡಿ.

ದಾರಿಯಲ್ಲಿ ನಿಂತ ಟ್ರೇಲರುಗಳಲ್ಲಿ ಹೆಚ್ಚಿನವು ನಿಲ್ಲುವುದು ಟೈರ್ ಇಲ್ಲವೇ ಹಬ್ ಬೇರಿಂಗಿನಿಂದ. ಬೇರಿಂಗ್ ತೆಗೆಸಿ, ಹಳೆಯ ಗ್ರೀಸ್ ಪೂರ್ತಿ ತೊಳೆಸಿ, ಹೊಸದನ್ನು ರೋಲರುಗಳ ನಡುವೆ ಒತ್ತಿ ತುಂಬಿಸಿ. ಮೇಲೆ ಬಳಿದರೆ ಆಗುವುದಿಲ್ಲ. ಗಾಲಿ ತಿರುಗಿಸುತ್ತಲೇ ನಟ್ಟು ಬಿಗಿದು, ಮತ್ತೆ ಸಡಿಲಿಸಿ, ಬೆರಳಿನ ಬಿಗಿಗೆ ತಂದು ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಬಿಗಿ ಹೆಚ್ಚಾದರೆ ಬೇರಿಂಗ್ ಸುಟ್ಟುಹೋಗುತ್ತದೆ, ಕಡಿಮೆಯಾದರೆ ಗಾಲಿ ಅಲ್ಲಾಡಿ ಬೀಸಾಟ ಮತ್ತೆ ಬರುತ್ತದೆ.

ಲೈಟಿಗೆ ಏಳು ಪಿನ್ನಿನ ಸಾಕೆಟ್. ಇಂಡಿಕೇಟರ್ ಹಾಕಿದಾಗ ಬ್ರೇಕ್ ಲೈಟೂ ಮಿಣುಕಿದರೆ ಬಲ್ಬು ಬದಲಿಸುತ್ತಾ ಕೂರಬೇಡಿ, ಬಿಳಿ ವೈರಿನ ಅರ್ಥ್ ಕೂತಿಲ್ಲ. ಟ್ರೇಲರಿನ ಚಾಸಿಸ್ಸಿನ ಬಣ್ಣ ಕೆರೆದು ಕಬ್ಬಿಣಕ್ಕೆ ತಾಗಿಸಿ. ಕಾರಿನ ವೈರಿಗೆ ನೇರವಾಗಿ ಬೆಸೆಯಬೇಡಿ, ಈಗಿನ ಗಾಡಿಗಳ ಎಲೆಕ್ಟ್ರಾನಿಕ್ಸ್ ಮುನಿಸಿಕೊಳ್ಳುತ್ತದೆ. ನಡುವೆ ಬೈಪಾಸ್ ರಿಲೇ ಬೇಕು, ಅದು ಟ್ರೇಲರ್ ಲೈಟಿನ ಕರೆಂಟನ್ನು ಕಾರಿನ ಲೈಟ್ ವೈರಿನಿಂದ ಎಳೆಯದೆ ನೇರ ಬ್ಯಾಟರಿಯಿಂದ ಕೊಡುತ್ತದೆ.

ಕಾಗದಪತ್ರದ ಮಾತು. ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ತಾನೇ ಒಂದು ವಾಹನ, ಅದಕ್ಕೆ ಬೇರೆ ನೋಂದಣಿ ಬೇಕು. ಟ್ರೇಲರಿನ ಸ್ವಂತ ನಂಬರ್ ಪಕ್ಕದಲ್ಲಿ, ಎಳೆಯುವ ಗಾಡಿಯ ನಂಬರ್ ಅದರ ಹಿಂಬದಿಯಲ್ಲಿ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ಹಾಗೇ ರಸ್ತೆಗಿಳಿಸಿದ್ದಕ್ಕೆ ಆರ್‌ಸಿ ಇರುವುದಿಲ್ಲ, ಅಪಘಾತವಾದರೆ ವಿಮೆಯೂ ಕೈಕೊಡುತ್ತದೆ. ಹಿಚ್ ಕೂರಿಸುವ ಬಗ್ಗೆಯೂ ಸೇರಿಸಿ ಕೋಲಾರದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. 2019ರ ತಿದ್ದುಪಡಿಯ ನಂತರ ಮಿತಿ ಮೀರಿದ ತೂಕಕ್ಕೆ ದಂಡ 20,000 ರೂಪಾಯಿ, ಜತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಹಿಂದಕ್ಕೋ ಪಕ್ಕಕ್ಕೋ ಚಾಚಿದ ಸರಕಿಗೂ 20,000. ಆದ್ದರಿಂದ ಸುರುಳಿಯ ಜತೆ ಆರು ಮೀಟರಿನ ಸ್ಪ್ರಿಂಕ್ಲರ್ ಪೈಪನ್ನೂ ತುರುಕುವ ಆಸೆ ಇದ್ದರೆ ಬಿಟ್ಟುಬಿಡಿ.

ಸಾಮಾನು ಕಟ್ಟುವಾಗ ಹಗ್ಗ ಬೇಡ, ರ‍್ಯಾಚೆಟ್ ಬೆಲ್ಟ್ ತನ್ನಿ. ನೈಲಾನ್ ಹಗ್ಗ ಹಿಗ್ಗುತ್ತದೆ, ಐವತ್ತು ಕಿಲೋಮೀಟರಿಗೆ ಸಡಿಲವಾಗುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ, ಪಕ್ಕಕ್ಕೆ ಅರ್ಧದಷ್ಟು. ಟಿಲ್ಲರಿಗೆ ಅದು ಮುಂದಕ್ಕೆ 360 ಕೆಜಿ. ಹಿಡಿಕೆಗೆ ಕಟ್ಟಬೇಡಿ, ಬಗ್ಗುತ್ತದೆ. ಚಾಸಿಸ್ಸಿಗೆ ನಾಲ್ಕು ಮೂಲೆಯಿಂದ ಬೆಲ್ಟ್ ಹಾಕಿ, ಗಾಲಿಯ ಮುಂದೆ ಮರದ ಅಡ್ಡಪಟ್ಟಿ ಹೊಡೆಯಿರಿ, ಗೇರಿನಲ್ಲಿ ಬಿಡಿ, ಡೀಸೆಲ್ ಕಾಕ್ ಮುಚ್ಚಿ. ನೀರಿನ ಡ್ರಮ್ಮಿದ್ದರೆ ಖಾಲಿಯೇ ಹೋಗಲಿ. ಅರ್ಧ ತುಂಬಿದ ನೀರು ತಿರುವಿನಲ್ಲಿ ಓಲಾಡಿ ನೀವು ಕಷ್ಟಪಟ್ಟು ಹೊಂದಿಸಿದ ಮೂಕಿ ಭಾರವನ್ನು ಕೆಡಿಸುತ್ತದೆ.

ದಾರಿ ನಿಮ್ಮೂರ ಮುಂದಿನದೇ, ರಾಷ್ಟ್ರೀಯ ಹೆದ್ದಾರಿ 75. ಬೆಂಗಳೂರಿನ ಒಳಗೆ ಟ್ರೇಲರ್ ಎಳೆಯುವ ಬದಲು ಹೊಸಕೋಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದಾಬಸ್‌ಪೇಟೆಯ ಹೊರ ರಸ್ತೆ ಹಿಡಿಯಿರಿ. ನೆಲಮಂಗಲಕ್ಕೆ ಇಪ್ಪತ್ತು ಕಿಲೋಮೀಟರಿನಷ್ಟು ಹಿಂದೆ ಬರಬೇಕಾದರೂ ನೆಮ್ಮದಿ. ವೇಗ 65 ದಾಟದಿರಲಿ. ಮುಂದಿನ ಗಾಡಿಗೂ ನಿಮಗೂ ಐದಾರು ಸೆಕೆಂಡಿನ ಅಂತರ ಇಡಿ. ಹೊರಟ 80 ಕಿಲೋಮೀಟರಿಗೆ ಒಮ್ಮೆ, ಆಮೇಲೆ ಕುಣಿಗಲ್, ಹಾಸನ, ಸಕಲೇಶಪುರದಲ್ಲಿ ನಿಂತು ಹಬ್ಬಿನ ಹತ್ತಿರ ಕೈ ತನ್ನಿ. ಬೆಚ್ಚಗಿದ್ದರೆ ಸರಿ. ಒಂದು ಹಬ್ ಇನ್ನೊಂದಕ್ಕಿಂತ ಕೈಗೆ ಸ್ಪಷ್ಟವಾಗಿ ತಿಳಿಯುವಷ್ಟು ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ, ಮುಂದೆ ಹೋಗಬೇಡಿ. ಮೊದಲ ನಿಲುಗಡೆಯಲ್ಲೇ ಗಾಲಿಯ ನಟ್ಟುಗಳನ್ನೂ ಬೆಲ್ಟುಗಳನ್ನೂ ಮತ್ತೆ ಬಿಗಿಯಿರಿ.

ಇಷ್ಟೆಲ್ಲ ಮಾಡಿಯೂ ಬೀಸಾಟ ಬಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಸ್ಟಿಯರಿಂಗ್ ನೇರ ಹಿಡಿಯಿರಿ, ಕಾರಿನ ಬ್ರೇಕ್ ತುಳಿಯಬೇಡಿ. ಬೀಸಿಗೆ ಎದುರಾಗಿ ಸ್ಟಿಯರಿಂಗ್ ತಿರುಗಿಸಿದರೆ ನಿಮ್ಮ ಕೈ ಯಾವಾಗಲೂ ಅರ್ಧ ಬೀಸು ತಡವಾಗಿ ಬಂದು ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ವೇಗ ಹೆಚ್ಚಿಸಿ ಎಳೆದು ನೇರ ಮಾಡುವ ಸಲಹೆ ಕೇಳಿರಬಹುದು. ಅದನ್ನು ಮರೆತುಬಿಡಿ. ವಿದ್ಯುತ್ ಬ್ರೇಕ್ ಇದ್ದರೆ ಟ್ರೇಲರಿನದನ್ನು ಮಾತ್ರ ಹಿಡಿಯಿರಿ.

ಶಿರಾಡಿ ಘಾಟಿ 26 ಕಿಲೋಮೀಟರಿನಷ್ಟು. ಸಕಲೇಶಪುರದ ಎತ್ತರದಿಂದ ಗುಂಡ್ಯದ ಕಡೆಗೆ ನೀವು 700 ಮೀಟರಿಗೂ ಹೆಚ್ಚು ಇಳಿಯುತ್ತೀರಿ. ಕಾರು, ಟ್ರೇಲರ್ ಸೇರಿ 3,900 ಕೆಜಿ ಎಂದರೂ ಮುಕ್ಕಾಲು ಗಂಟೆ ಸತತವಾಗಿ ಐದು ಗೀಸರ್ ಉರಿಸುವಷ್ಟು ಶಕ್ತಿ ಎಲ್ಲಾದರೂ ಶಾಖವಾಗಲೇಬೇಕು. ಟೈರು, ಗಾಳಿ ಒಂದು ಪಾಲು ತಿನ್ನುತ್ತವೆ, ಮಿಕ್ಕದ್ದು ಎಂಜಿನ್ನಿಗೋ ಬ್ರೇಕಿಗೋ ಎಂಬುದು ನಿಮ್ಮ ಕೈಯಲ್ಲಿದೆ. ಹಳೆಯ ಡ್ರೈವರುಗಳ ಮಾತು ಇಲ್ಲಿ ಅಕ್ಷರಶಃ ಸರಿ: ಹತ್ತುವ ಗೇರಿನಲ್ಲೇ ಇಳಿಯಬೇಕು. ಆಟೊಮ್ಯಾಟಿಕ್ಕನ್ನು ಡಿಯಲ್ಲಿ ಬಿಡದೆ ಮ್ಯಾನ್ಯುಯಲ್ಲಿಗೆ ತಂದು ಎರಡು ಅಥವಾ ಮೂರನೇ ಗೇರಿನಲ್ಲಿ ಹಿಡಿಯಿರಿ, ಅದೂ ಇಳಿಜಾರು ಶುರುವಾಗುವ ಮುಂಚೆ. ವೇಗ 40ಕ್ಕೆ ಏರಲು ಬಿಡಿ, ಗಟ್ಟಿಯಾಗಿ ಮೂರು ನಾಲ್ಕು ಸೆಕೆಂಡು ಬ್ರೇಕ್ ತುಳಿದು 30ಕ್ಕೆ ತನ್ನಿ, ಪೂರ್ತಿ ಕಾಲು ಎತ್ತಿ. ಸದಾ ಮೆಲ್ಲಗೆ ಒತ್ತಿಹಿಡಿದರೆ ಪ್ಯಾಡ್ ಆರಲು ಸಮಯವೇ ಸಿಗುವುದಿಲ್ಲ. ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ಅಗಲ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಬಿಡಿ. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದುಂಟು. ಟ್ರೇಲರ್ ಕಟ್ಟಿಕೊಂಡು ಅಲ್ಲಿ ಹಿಂದಿರುಗಿಸಿಕೊಳ್ಳುವುದು ನರಕ, ಹಾಸನದಲ್ಲೇ ವಿಚಾರಿಸಿ.

ಹಿಂದಕ್ಕೆ ಬಿಡುವುದನ್ನು ಹೊರಡುವ ಮುಂಚೆ ಬಯಲಿನಲ್ಲಿ ಒಂದು ಸಂಜೆ ಕಲಿಯಿರಿ. ಸ್ಟಿಯರಿಂಗಿನ ಕೆಳತುದಿಯನ್ನು ಒಂದು ಕೈಯಲ್ಲಿ ಹಿಡಿಯಿರಿ. ಕೈ ಎತ್ತ ಹೋಗುತ್ತದೋ ಟ್ರೇಲರಿನ ಹಿಂಭಾಗ ಅತ್ತ ಹೋಗುತ್ತದೆ. ಕೋನ ಮಿತಿ ಮೀರಿತು ಅನಿಸಿದ ಕೂಡಲೇ ಮುಂದಕ್ಕೆ ಹೋಗಿ ನೇರ ಮಾಡಿಕೊಳ್ಳಿ, ಇಲ್ಲವಾದರೆ ಮೂತಿ ಬಂಪರಿಗೆ ಬಡಿಯುತ್ತದೆ. ಓವರ್‌ರನ್ ಬ್ರೇಕ್ ಆದರೆ ಹಿಂದಕ್ಕೆ ಬಿಡುವಾಗ ಹಿಡಿಯದ ಹಾಗೆ ಲಾಕ್ ಇದೆಯೇ ನೋಡಿಕೊಳ್ಳಿ.

ತೋಟ ತಲುಪಿದ ಮೇಲೆ ಟ್ರೇಲರ್ ಬಿಚ್ಚಿ ಕಾರು ಪಕ್ಕಕ್ಕೆ ತೆಗೆದು ನಿಧಾನವಾಗಿ ಇಳಿಸೋಣ ಅನಿಸುತ್ತದೆ. ಹಾಗೆ ಮಾಡಬೇಡಿ. ಟಿಲ್ಲರ್ ಆಕ್ಸಲ್ ದಾಟಿ ಹಿಂದಕ್ಕೆ ಬಂದ ಕ್ಷಣ ಬಿಚ್ಚಿದ ಟ್ರೇಲರಿನ ಮೂತಿ ಆಕಾಶಕ್ಕೆ ಏಳುತ್ತದೆ, ಹಲಗೆ ಜಾರುತ್ತದೆ, ಟಿಲ್ಲರ್ ಹಿಡಿದವರ ಮೇಲೆ ಬರುತ್ತದೆ. ಕಾರಿಗೆ ಕಟ್ಟಿದ ಹಾಗೇ ಇರಲಿ, ಕಾರಿನ ಹ್ಯಾಂಡ್‌ಬ್ರೇಕ್ ಎಳೆದು ಎರಡೂ ಗಾಡಿಯ ಗಾಲಿಗೆ ಕಲ್ಲು ಕೊಡಿ, ಟ್ರೇಲರಿನ ಹಿಂದಿನ ಎರಡು ಮೂಲೆಗೆ ದಿಮ್ಮಿ ಒತ್ತಿ ನಿಲ್ಲಿಸಿ, ಆಮೇಲೆ ಹಲಗೆ ಇಡಿ.